ಬಳೆ ಬಾಳೆಯಾದ ಕಥೆ: ಮೆಸೇಜೋ, ಫೋನೋ?

ಕಳೆದ ವರ್ಷ ಗೌರಿ ಹಬ್ಬದ ಹಿಂದಿನ ದಿನ ನನ್ನ ಹೆಂಡತಿ ವಾಟ್ಸಾಪ್‌ನಲ್ಲಿ ಒಂದು ಪಟ್ಟಿ ಕಳಿಸಿದಳು. ಭಾಷೆ ಕನ್ನಡವೇ, ಆದರೆ ಅಕ್ಷರ ಇಂಗ್ಲಿಷ್. ಅರಿಶಿನ, ಕುಂಕುಮ, ವೀಳ್ಯದೆಲೆ, ಕೊನೆಗೆ ಬಿ-ಎ-ಎಲ್-ಇ. ನಾನು ಆಫೀಸಿನಿಂದ ನೇರ ಐಎನ್‌ಎ ಮಾರ್ಕೆಟ್ಟಿಗೆ ಹೋಗಿ, ಎರಡು ಡಜನ್ ಬಾಳೆಹಣ್ಣು ಹೊತ್ತುಕೊಂಡು ಮಯೂರ್ ವಿಹಾರಕ್ಕೆ ಬಂದೆ. ಅವಳು ಕೇಳಿದ್ದು ಬಾಗಿನಕ್ಕೆ ಬಳೆ! ಪುಣ್ಯಕ್ಕೆ ಬಲೆ ತರಲಿಲ್ಲ.

“ಒಂದು ಫೋನ್ ಮಾಡಬಾರದಿತ್ತಾ?” ಅಂದೆ. “ಮೀಟಿಂಗ್‌ನಲ್ಲಿ ಇರ್ತೀರಿ ಅಂತ ಮಾಡಲಿಲ್ಲ” ಅಂದಳು. ಇಬ್ಬರ ಮಾತೂ ಸರಿಯೇ. ಅಂದಿನಿಂದ ಈ ಪ್ರಶ್ನೆ ನನ್ನ ತಲೆಯಲ್ಲಿ ಕೂತಿದೆ. ಯಾವುದನ್ನು ಬರೆದು ಕಳಿಸಬೇಕು, ಯಾವುದನ್ನು ಬಾಯಿಬಿಟ್ಟು ಹೇಳಬೇಕು?

ನಾನು ಕೆಲಸಕ್ಕೆಂದು ದೆಹಲಿಗೆ ಬಂದದ್ದು 1994ರಲ್ಲಿ. ಆಗ ಈ ಪ್ರಶ್ನೆಯೇ ಇರಲಿಲ್ಲ, ದುಡ್ಡೇ ಎಲ್ಲವನ್ನೂ ತೀರ್ಮಾನಿಸುತ್ತಿತ್ತು. ರಾತ್ರಿ ದರ ಇಳಿದ ಮೇಲೆ ಮುನಿರ್ಕಾದ ಎಸ್‌ಟಿಡಿ ಬೂತಿನ ಮುಂದೆ ಸಾಲು ನಿಲ್ಲುತ್ತಿದ್ದೆವು. ಸಾಗರದ ನಮ್ಮ ಮನೆಯಲ್ಲಿ ಫೋನಿರಲಿಲ್ಲ, ಎದುರು ಮನೆಯವರದ್ದೇ ಪಿ.ಪಿ. ನಂಬರ್. ಒಮ್ಮೆ ಮಾಡಿ “ಅಮ್ಮನ್ನ ಕರೀರಿ” ಎಂದು ಇಟ್ಟು, ಐದು ನಿಮಿಷ ಬಿಟ್ಟು ಮತ್ತೆ ಮಾಡಬೇಕು. ಕಣ್ಣು ಮೀಟರಿನ ಕೆಂಪು ಅಂಕಿಗಳ ಮೇಲೆ. “ಊಟ ಆಯ್ತಾ? ಮಳೆ ಬಂತಾ? ಹುಷಾರು” ಎನ್ನುವಷ್ಟರಲ್ಲಿ ಜೇಬು ಎಚ್ಚರಿಸುತ್ತಿತ್ತು. ಉಳಿದ ಸುಖದುಃಖವೆಲ್ಲ ನೀಲಿ ಇನ್‌ಲ್ಯಾಂಡ್ ಪತ್ರಕ್ಕೆ. ತಂತಿ ಬಂದರೆ ಮಾತ್ರ ಓದುವ ಮೊದಲೇ ಎದೆ ಧಸಕ್ ಎನ್ನುತ್ತಿತ್ತು. ಆ ತಂತಿಯೂ 2013ರ ಜುಲೈನಲ್ಲಿ ನಿಂತುಹೋಯಿತು.

ದೇಶದ ಮೊದಲ ಮೊಬೈಲ್ ಕರೆಯ ಒಂದು ತುದಿ ಇದ್ದದ್ದು ನಮ್ಮ ದೆಹಲಿಯಲ್ಲೇ. 1995ರ ಜುಲೈ 31ರಂದು ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಕೋಲ್ಕತ್ತದಿಂದ ಕೇಂದ್ರ ಸಂಪರ್ಕ ಸಚಿವ ಸುಖರಾಂ ಅವರಿಗೆ ಕರೆ ಮಾಡಿದರು. ಆದರೆ ನಮ್ಮಂಥವರ ಕೈಗೆ ಅದು ಬರಲು ವರ್ಷಗಳೇ ಬೇಕಾದವು. ಮೊದಮೊದಲು ಒಳಬರುವ ಕರೆಗೂ ದುಡ್ಡು ಕೊಡಬೇಕಿತ್ತು! 2003ರಲ್ಲಿ ಆ ಹೊರೆ ಇಳಿದರೂ ಊರಿಗೆ ಮಾತಾಡುವುದು ಅಗ್ಗವೇನಲ್ಲ. ಹಾಗಾಗಿ ಮಿಸ್ಡ್ ಕಾಲ್ ಹುಟ್ಟಿತು, ಎಸ್‌ಎಂಎಸ್ ಹಬ್ಬಿತು.

ಬಳೆ ಬಾಳೆಯಾಗುವ ಗೊಂದಲದ ಬೇರು ಇರುವುದು ಈ ಎಸ್‌ಎಂಎಸ್‌ನಲ್ಲೇ. ಇಂಗ್ಲಿಷ್‌ನಲ್ಲಿ ಬರೆದರೆ ಒಂದು ಎಸ್‌ಎಂಎಸ್‌ಗೆ 160 ಅಕ್ಷರ. ಕನ್ನಡ ಲಿಪಿಯಲ್ಲಾದರೆ ಯೂನಿಕೋಡ್ ಲೆಕ್ಕದಲ್ಲಿ 70 ಮಾತ್ರ. ಅದರಲ್ಲೂ ಒತ್ತು, ಗುಣಿತ ಎಲ್ಲಕ್ಕೂ ಬೇರೆ ಬೇರೆ ಎಣಿಕೆ. ನಮ್ಮ ಕಣ್ಣಿಗೆ ಒಂದೇ ಅಕ್ಷರವಾದ ‘ಸ್ತ್ರೀ’ ಯಂತ್ರದ ಲೆಕ್ಕದಲ್ಲಿ ಆರು! ಅಂದಿನ ಎಷ್ಟೋ ಹ್ಯಾಂಡ್‌ಸೆಟ್‌ಗಳಲ್ಲಿ ಕನ್ನಡದ ಬದಲು ಚೌಕ ಡಬ್ಬಿಗಳು ಕಾಣಿಸುತ್ತಿದ್ದವು. ಬೇರೆ ದಾರಿಯಿಲ್ಲದೆ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯಲು ಕಲಿತೆವು. ಈಗ ಫೋನಿನಲ್ಲಿ ಕನ್ನಡ ಕೀಲಿಮಣೆ ಸುಲಭವಾಗಿ ಸಿಗುತ್ತದೆ. ಆದರೂ ಅಭ್ಯಾಸ ಹೋಗಿಲ್ಲ.

2016ರಲ್ಲಿ ಜಿಯೋ ಬಂದ ಮೇಲೆ ಕರೆಗಳ ದುಡ್ಡಿನ ಲೆಕ್ಕವೇ ಮುಗಿಯಿತು. ಈಗ ಖರ್ಚಾಗುವುದು ಸಮಯ ಮಾತ್ರ, ಅದೂ ಎದುರಿನವರದ್ದು. ಅದಕ್ಕೇ ಇಂದಿನ ಹುಡುಗರಿಗೆ ಹೇಳದೆ ಕೇಳದೆ ಬರುವ ಕರೆ ಎಂದರೆ ಸ್ನಾನದ ಮನೆಯ ಬಾಗಿಲು ಬಡಿದಂತೆ. ಮೊದಲು ನನಗಿದು ಅಹಂಕಾರ ಅನ್ನಿಸುತ್ತಿತ್ತು. ಈಗ ಹಾಗನ್ನಿಸುವುದಿಲ್ಲ. ಮೆಟ್ರೋ ಸುರಂಗದಲ್ಲಿ ಕರೆ ಕಡಿದುಹೋಗುತ್ತದೆ, ಮೆಸೇಜ್ ಕಾದಿದ್ದು ತಲುಪುತ್ತದೆ. ಔಷಧಿಯ ಹೆಸರು, ದ್ವಾರಕಾದ ಫ್ಲ್ಯಾಟ್ ನಂಬರ್, ರೈಲಿನ ಪಿಎನ್‌ಆರ್ ಬಾಯಲ್ಲಿ ಹೇಳಿದರೆ ಎಡವಟ್ಟೇ. ಕಿವಿ ಮಂದವಾದ ನಮ್ಮ ದೊಡ್ಡಪ್ಪನಿಗಂತೂ ಮೆಸೇಜ್ ಬಂದ ಮೇಲೆಯೇ ಮನೆಮಂದಿಯ ಮಾತುಕತೆಗೆ ಮರಳಿ ಪ್ರವೇಶ ಸಿಕ್ಕಿದ್ದು.

ಆದರೆ ಎರಡು ವರ್ಷದ ಹಿಂದಿನ ಜನವರಿಯನ್ನು ನಾನು ಮರೆಯುವುದಿಲ್ಲ. ಅಮ್ಮನಿಗೆ ಎಪ್ಪತ್ತೆಂಟು. ಒಂದೇ ಬೆರಳಿನಲ್ಲಿ ಕನ್ನಡ ಟೈಪ್ ಮಾಡುವುದನ್ನು ಕಲಿತಿದ್ದಾಳೆ. ಸತತ ಮೂರು ದಿನ “ಚೆನ್ನಾಗಿದ್ದೇನೆ, ಚಿಂತೆ ಬೇಡ” ಎಂದು ಬರೆದಳು. ಆಫೀಸಿನ ಗಡಿಬಿಡಿಯಲ್ಲಿ ನಾನೂ ಹೆಬ್ಬೆರಳಿನ ಚಿತ್ರ ಒತ್ತಿ ಸುಮ್ಮನಾದೆ. ನಾಲ್ಕನೇ ದಿನ ಯಾಕೋ ಫೋನ್ ಮಾಡಿದೆ. ಅದೇ ಮಾತು, “ಚೆನ್ನಾಗಿದ್ದೇನೆ.” ಆದರೆ ‘ಚೆನ್ನಾಗಿ’ಗೂ ‘ದ್ದೇನೆ’ಗೂ ನಡುವೆ ಒಂದು ಉಸಿರು ಎಳೆದುಕೊಂಡಳು. ತಕ್ಷಣ ಪಕ್ಕದ ಮನೆಯ ಹುಡುಗನಿಗೆ ಹೇಳಿ ಆಸ್ಪತ್ರೆಗೆ ಕಳಿಸಿದೆ. ನ್ಯುಮೋನಿಯಾ. ಹತ್ತು ದಿನ ಅಲ್ಲೇ ಇರಬೇಕಾಯಿತು. ಅಮ್ಮ ನನಗೆ ನೋವಾಗಬಾರದೆಂದು ಬರೆದಳು, ನಾನು ನಂಬಿದೆ. ಬರೆದ ಅಕ್ಷರಕ್ಕೆ ಏದುಸಿರು ಬರುವುದಿಲ್ಲವಲ್ಲ.

ನಮ್ಮಂಥ ಹೊರನಾಡಿನವರಿಗೆ ಇನ್ನೊಂದು ಸಂಕಟವೂ ಇದೆ. ಲೋಧಿ ಎಸ್ಟೇಟ್‌ನಲ್ಲಿ ದೆಹಲಿ ಕನ್ನಡ ಶಾಲೆಯಿದೆ, ನಿಜ. ಆದರೆ ನೋಯ್ಡಾ, ಗುರುಗ್ರಾಮದಂಥ ದೂರದ ಬಡಾವಣೆಗಳಿಂದ ಎಷ್ಟು ಮಕ್ಕಳು ಅಲ್ಲಿಗೆ ಹೋಗಲಾದೀತು? ನನ್ನ ಮಗಳು ಮನೆಯಲ್ಲಿ ಕನ್ನಡ ಮಾತಾಡುತ್ತಾಳೆ, ಓದಲು ಬಾರದು. ಅಜ್ಜಿಗೆ ಇಂಗ್ಲಿಷ್ ಬಾರದು. ಗೆಳತಿಯರಿಗೆ ಮಗಳು ಬರೆಯುವುದು ಹಿಂದಿ-ಇಂಗ್ಲಿಷ್ ಬೆರಕೆ, ಬೆಂಗಳೂರಿನ ಅತ್ತೆಯ ಮಗನಿಗೂ ಇಂಗ್ಲಿಷೇ. ಅಂದರೆ ಅವಳ ಮೆಸೇಜುಗಳ ಲೋಕದಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ. ಇರುವುದೆಲ್ಲ ಬಾಯಲ್ಲಿ. ಅಜ್ಜಿಗೆ ಫೋನ್ ಮಾಡುವುದನ್ನು ಬಿಟ್ಟರೆ ಆ ಕನ್ನಡವನ್ನೂ ಬಿಟ್ಟಂತೆ.

ನಡುದಾರಿಯಾಗಿ ವಾಯ್ಸ್ ಮೆಸೇಜ್ ಇದೆ. ವಾಟ್ಸಾಪ್‌ಗೆ ಅದು 2013ರಲ್ಲೇ ಬಂತು. ಮಗಳು ಕಳಿಸಿದ್ದನ್ನು ಅಜ್ಜಿ ಮೂರು ಸಲ ಕೇಳುತ್ತಾಳಂತೆ. ಆದರೆ ತಾನು ಕಳಿಸಲು ಮಾತ್ರ ಒಪ್ಪುವುದಿಲ್ಲ. “ಹೂಂಗುಡೋರು ಇಲ್ಲದೆ ಎಂಥ ಮಾತು? ಗೋಡೆ ಹತ್ರ ಮಾತಾಡಿದ ಹಾಗೆ” ಎನ್ನುತ್ತಾಳೆ.

ಈಗ ನಮ್ಮ ಮನೆಯಲ್ಲಿ ಒಂದು ಒಪ್ಪಂದವಾಗಿದೆ. ಲೆಕ್ಕ, ವಿಳಾಸ, ಔಷಧಿ, ಅಂಗಡಿ ಪಟ್ಟಿ ಬರಹದಲ್ಲಿ, ಅದೂ ಕನ್ನಡ ಲಿಪಿಯಲ್ಲಿ. ಆರೋಗ್ಯ, ಕೋಪ, ಕ್ಷಮೆ, ಸಾವಿನ ಸುದ್ದಿ ಮಾತಿನಲ್ಲೇ. ಚಿಕ್ಕವರಿಗೆ ಕರೆ ಮಾಡುವ ಮುನ್ನ “ಈಗ ಮಾಡಲಾ?” ಎಂದೊಂದು ಮೆಸೇಜ್. ಭಾನುವಾರ ಬೆಳಿಗ್ಗೆ ಅಮ್ಮನಿಗೆ ಫೋನ್, ಮೊದಲ ಮಾತು ಮಗಳದ್ದು. ನಿಮ್ಮ ಮನೆಯ ಒಪ್ಪಂದ ಬೇರೆ ಇರಬಹುದು. ಆದರೆ ಒಂದು ಇರಲಿ.

ಕಳೆದ ತಿಂಗಳು ಅಮ್ಮ ನೇರವಾಗಿ ಮೊಮ್ಮಗಳ ಫೋನಿಗೇ ಒಂದು ಸಾಲು ಬರೆದಳು. ಮಗಳು ತಂದು ತೋರಿಸಿದಳು. ನಾನು ಓದಲು ಬಾಯಿ ತೆರೆದರೆ, “ಓದಬೇಡಪ್ಪ, ಅಕ್ಷರ ಹೇಳಿಕೊಡು” ಅಂದಳು. ಒಂದೊಂದೇ ಅಕ್ಷರ ಕೂಡಿಸಿ ಸಾಲು ಮುಗಿಸಲು ಹದಿನೈದು ನಿಮಿಷ ಹಿಡಿಯಿತು. “ಪುಟ್ಟಿ, ಊಟ ಆಯ್ತಾ?”

ಉತ್ತರ ಬರೆಯಲು ಅವಳಿಗಿನ್ನೂ ಬಾರದು. ಅಜ್ಜಿಗೆ ಫೋನ್ ಮಾಡಿದಳು.