ಎಷ್ಟು ದೂರ ನಿಂತು ಎಸೆಯುತ್ತೀರಿ?

ಜಾತ್ರೆಯಲ್ಲಿ ಸೋಪು, ಬಾಚಣಿಗೆ, ಹತ್ತರ ನೋಟು ಹರಡಿಟ್ಟು ರಿಂಗ್ ಎಸೆಯಲು ಕೂಗಿ ಕರೆಯುವ ಅಂಗಡಿಯನ್ನು ನೋಡಿಯೇ ಇರುತ್ತೀರಿ. ಸ್ವ ಉದ್ಯೋಗ ಕಲಿಸುವ ಉಜಿರೆಯ ರುಡ್‌ಸೆಟ್ ಸಂಸ್ಥೆಯ ತರಗತಿಯಲ್ಲಿ ಅದೇ ಆಟ ಪಾಠವಾಗಿದೆ. ಮುಂದೊಂದು ಗೂಟ, ಅದರಿಂದ ಹಿಂದಕ್ಕೆ ಸಾಲಾಗಿ ಗೆರೆಗಳು. ಹತ್ತಿರದ ಗೆರೆಗೆ ಅಂಕ ಕಡಿಮೆ, ದೂರ ಸರಿದಷ್ಟೂ ಜಾಸ್ತಿ. ಎಲ್ಲಿ ನಿಲ್ಲುವುದು ಎಸೆಯುವವರ ಇಷ್ಟ. ಎಷ್ಟು ಅಂಕ ತೆಗೆಯುತ್ತೇನೆ ಎಂದು ಮಾತ್ರ ಮೊದಲೇ ಹೇಳಬೇಕು. ಕೆಲವರು ಗೂಟದ ಮೇಲೇ ಬಾಗಿ ರಿಂಗ್ ಇಳಿಸುತ್ತಾರೆ. ಇನ್ನು ಕೆಲವರು ಗೆಳೆಯರ ಕೇಕೆಗೆ ಉಬ್ಬಿ ಗೋಡೆಯವರೆಗೂ ಹಿಂದೆ ಸರಿದು, ಒಂದೂ ಬೀಳಿಸಲಾಗದೆ ಪೆಚ್ಚಾಗುತ್ತಾರೆ. ಎರಡನೇ ಸುತ್ತಿನಲ್ಲಿ ಇಬ್ಬರೂ ಗೆರೆ ಬದಲಿಸುತ್ತಾರೆ. ಆಗ ತರಬೇತುದಾರರ ಪ್ರಶ್ನೆ: 'ಮೊದಲು ಅಲ್ಲೇ ಯಾಕೆ ನಿಂತಿರಿ?' ಎಷ್ಟು ಸಾಲ ಎತ್ತಬೇಕು, ಅಂಗಡಿಗೆ ಎಷ್ಟು ಬಂಡವಾಳ ಸುರಿಯಬೇಕು ಎಂಬ ಮಾತು ಅಲ್ಲಿಂದ ಶುರುವಾಗುತ್ತದೆ.

ಈ ಆಟದ ಬೇರು ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್‌ಕ್ಲೆಲ್ಯಾಂಡ್ ಅವರ ಅಧ್ಯಯನಗಳಲ್ಲಿದೆ. ಸಾಧಿಸುವ ಹಂಬಲವನ್ನು ಕಲಿಸಿ ಬೆಳೆಸಬಹುದು ಎಂದು ನಂಬಿದ್ದ ಅವರು 1960ರ ದಶಕದಲ್ಲಿ ಆಂಧ್ರದ ಕಾಕಿನಾಡದ ವ್ಯಾಪಾರಿಗಳಿಗೆ ತರಬೇತಿ ಕೊಡಿಸಿ ಪರೀಕ್ಷಿಸಿದ್ದರು.

ಉಜಿರೆಯಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಸ್ವ ಉದ್ಯೋಗ ತರಬೇತಿ ಸಂಸ್ಥೆ, ಅಂದರೆ ರುಡ್‌ಸೆಟ್, ಹುಟ್ಟಿದ್ದು 1982ರಲ್ಲಿ. ಓದು ಮುಗಿಸಿ ಕೆಲಸವಿಲ್ಲದೆ ಕೂತ ಹಳ್ಳಿಯ ಹುಡುಗರಿಗೆ ದಾರಿ ತೋರಿಸಲು ಧರ್ಮಸ್ಥಳದ ಧರ್ಮಾಧಿಕಾರಿ ಡಿ. ವೀರೇಂದ್ರ ಹೆಗ್ಗಡೆಯವರ ನೇತೃತ್ವದ ಶಿಕ್ಷಣ ಟ್ರಸ್ಟ್‌ನೊಂದಿಗೆ ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಕೈಜೋಡಿಸಿದವು. ಎರಡೂ ಕರಾವಳಿಯಲ್ಲೇ ಹುಟ್ಟಿದ ಬ್ಯಾಂಕುಗಳು. ಪಿಗ್ಮಿ ಎಂಬ ಸಣ್ಣ ಉಳಿತಾಯದ ಸಂಗ್ರಹಕ್ಕೆಂದು ದಿನವೂ ಅಂಗಡಿ ಬಾಗಿಲಿಗೆ ಹೋಗಿ ಚಿಲ್ಲರೆ ಎಣಿಸಿಕೊಂಡ ಅಭ್ಯಾಸ ಸಿಂಡಿಕೇಟ್ ಬ್ಯಾಂಕಿಗೆ 1928ರಿಂದಲೇ ಇತ್ತು. ಸಣ್ಣವರ ಲೆಕ್ಕ ಅದಕ್ಕೆ ಹೊಸದಾಗಿರಲಿಲ್ಲ.

ಇಲ್ಲಿ ಊಟ, ವಸತಿ, ಕಲಿಕೆ ಎಲ್ಲವೂ ಉಚಿತ. ಹೈನುಗಾರಿಕೆಗೆ ಹತ್ತು ದಿನ ಸಾಕು. ಹೊಲಿಗೆ, ಮೊಬೈಲ್ ರಿಪೇರಿ, ಬ್ಯೂಟಿ ಪಾರ್ಲರ್ ಕೆಲಸಕ್ಕೆ ತಿಂಗಳು ಬೇಕು. ಬೆಳಿಗ್ಗೆ ಯೋಗ, ಶ್ರಮದಾನ. ತರಗತಿ ಶುರುವಾಗುವ ಮೊದಲು, ನಿನ್ನೆ ಕಲಿತದ್ದರಲ್ಲಿ ಮುಖ್ಯವಾದದ್ದು ಏನೆಂದು ಶಿಬಿರಾರ್ಥಿಗಳು ಎದ್ದು ನಿಂತು ಹೇಳಬೇಕು. ಮೊದಲ ದಿನ ತೊದಲುವ ಈ ನಾಲಿಗೆಯೇ ಮುಂದೆ ಗಿರಾಕಿಯೊಂದಿಗೂ ಬ್ಯಾಂಕ್ ಮ್ಯಾನೇಜರರೊಂದಿಗೂ ಮಾತಾಡಬೇಕಾದದ್ದು.

ಕಸುಬು ಕೈಗೆ ಬಂದಮೇಲೆ ಮಾರುಕಟ್ಟೆ ಸಮೀಕ್ಷೆ. ಹೊಲಿಗೆ ಕಲಿತವರು ಪೇಟೆಗೆ ಹೋಗಿ ಬ್ಲೌಸಿಗೆ ಎಷ್ಟು ಕೂಲಿ, ಲೈನಿಂಗ್ ಬಟ್ಟೆ ಎಲ್ಲಿ ಅಗ್ಗ, ಆ ಬೀದಿಯಲ್ಲಿ ಈಗಾಗಲೇ ಎಷ್ಟು ಟೈಲರ್‌ಗಳಿದ್ದಾರೆ ಎಂದು ಕೇಳಿಕೊಂಡು ಬರುತ್ತಾರೆ. ಆ ಅಂಕಿಗಳೇ ಸಾಲಕ್ಕೆ ಹಾಕುವ ಯೋಜನಾ ವರದಿಯಲ್ಲಿ ಕೂರುತ್ತವೆ. ತನ್ನ ಕಾಲಲ್ಲೇ ನಡೆದು ತಂದ ಅಂಕಿಯನ್ನು ಬ್ಯಾಂಕಿನಲ್ಲಿ ಪ್ರಶ್ನಿಸಿದರೆ ಉತ್ತರಿಸುವುದು ಕಷ್ಟವಾಗುವುದಿಲ್ಲ.

ಸರ್ಟಿಫಿಕೇಟ್ ಕೊಟ್ಟು ಕೈತೊಳೆದುಕೊಳ್ಳುವ ಪದ್ಧತಿ ಇಲ್ಲಿಲ್ಲ. ಎರಡು ವರ್ಷ ಬೆನ್ನು ಹತ್ತುತ್ತಾರೆ: ಪತ್ರ, ಫೋನು, ಮನೆ ಭೇಟಿ. ಸಾಲ ಸಿಕ್ಕಿತೇ, ಮಿಷನ್ ಬಂತೇ, ಗಿರಾಕಿ ಬರುತ್ತಿದ್ದಾರೆಯೇ ಎಂಬ ವಿಚಾರಣೆ ನಡೆಯುತ್ತಲೇ ಇರುತ್ತದೆ. ಕಲಿತವರು ಹೀಗೆ ನೆಲೆ ಕಾಣುವುದಕ್ಕೆ ಸಂಸ್ಥೆಯವರ ಬಾಯಲ್ಲಿ 'ಸೆಟ್ಲ್‌ಮೆಂಟ್' ಎಂಬ ಮಾತಿದೆ. ಸಾಲ ಪಡೆದೋ ಸ್ವಂತ ದುಡ್ಡಿನಲ್ಲೋ ಉದ್ಯೋಗ ಹೂಡಿದವರು, ಬೇರೆಡೆ ಸಂಬಳಕ್ಕೆ ಸೇರಿದವರು, ಎಲ್ಲರೂ ಅದರಲ್ಲಿ ಸೇರುತ್ತಾರೆ.

ಈ ಮಾದರಿಯನ್ನೇ ಇಟ್ಟುಕೊಂಡು 2009ರಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯ ಜಿಲ್ಲೆಗೊಂದು ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆ, ಅಂದರೆ ಆರ್‌ಸೆಟಿ, ತೆರೆಯುವ ಯೋಜನೆ ರೂಪಿಸಿತು. ನಡೆಸುವ ಹೊಣೆ ಬ್ಯಾಂಕುಗಳದ್ದು. ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾದೊಳಗೆ ವಿಲೀನವಾಯಿತು. ಅದು ಕೈಜೋಡಿಸಿ ಕಟ್ಟಿದ ಪಾಠಶಾಲೆಯ ಪಡಿಯಚ್ಚು ದೇಶದ ಉದ್ದಗಲ ಉಳಿದಿದೆ.

ತರಬೇತಿ ಮುಗಿದ ದಿನ ಹಾಜರಿ ಪುಸ್ತಕದ ಕೆಲಸ ಮುಗಿಯುತ್ತದೆ. ಸೆಟ್ಲ್‌ಮೆಂಟಿನ ಕಾಲಂ ಮಾತ್ರ ಖಾಲಿಯೇ ಇರುತ್ತದೆ. ಅದು ತುಂಬಬೇಕಾದರೆ ಎಲ್ಲೋ ಒಂದು ಹಳ್ಳಿಯಲ್ಲಿ ಅಂಗಡಿಯ ಷಟರ್ ಮೇಲೇಳಬೇಕು.