ಅಲ್ಯೂಮಿನಿಯಂ ಕೂವೆಕಂಬಕ್ಕೆ ಹೊಸ ಬಣ್ಣ

ಹಾಯಿದೋಣಿಯಲ್ಲಿ ಹಾಯಿಯನ್ನು ಎತ್ತಿ ಹಿಡಿಯುವ ಕೂವೆಕಂಬವು ಶತಮಾನಗಳ ಕಾಲ ಮರದ್ದೇ ಆಗಿದ್ದು, 20ನೆಯ ಶತಮಾನದ ಉತ್ತರಾರ್ಧದಲ್ಲಿ ಆ ಸ್ಥಾನಕ್ಕೆ ಅಲ್ಯೂಮಿನಿಯಂ ಕೊಳವೆ ಬಂದಿತು. ಇದು ಹಗುರ, ಕೊಳೆಯುವ ಭಯವಿಲ್ಲ, ತುಕ್ಕೂ ಹಿಡಿಯದು ಎನ್ನುತ್ತಾರಾದರೂ ಕಡೆಯ ಮಾತು ಪೂರ್ತಿ ನಿಜವಲ್ಲ. ಗಾಳಿ ತಾಗಿದೊಡನೆ ಈ ಲೋಹದ ಮೈಮೇಲೆ ಆಕ್ಸೈಡಿನ ತೆಳುಪದರ ಮೂಡಿ ಅದನ್ನು ಕಾಯುತ್ತದೆ. ಸಮುದ್ರದ ಉಪ್ಪಿನಲ್ಲಿರುವ ಕ್ಲೋರೈಡ್ ಆ ಪದರವನ್ನು ಅಲ್ಲಲ್ಲಿ ಭೇದಿಸಿ ಸಣ್ಣ ಕುಳಿಗಳನ್ನು ಕೊರೆಯುತ್ತದೆ. ಇದಕ್ಕಿಂತ ದೊಡ್ಡ ಶತ್ರುವೆಂದರೆ ಕಂಬಕ್ಕೆ ಬಿಗಿದ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂಗಳು. ಎರಡು ಭಿನ್ನ ಲೋಹಗಳು ಒಂದನ್ನೊಂದು ತಾಗಿ ಉಪ್ಪುನೀರಿನಲ್ಲಿ ನೆನೆದಾಗ ಅಲ್ಲೊಂದು ಪುಟ್ಟ ಬ್ಯಾಟರಿಯೇ ಏರ್ಪಟ್ಟು ಅಲ್ಯೂಮಿನಿಯಂ ಸವೆಯತೊಡಗುತ್ತದೆ. ಗ್ಯಾಲ್ವನಿಕ್ ಸವಕಳಿ ಎಂಬ ಈ ಕ್ರಿಯೆಯಲ್ಲಿ ಹುಟ್ಟುವ ಬಿಳಿ ಪುಡಿಯು ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಹಳೆಯ ಬಣ್ಣ ಗುಳ್ಳೆಗಟ್ಟಿ ಮೇಲೇಳುತ್ತದೆ.

ಅಮೆರಿಕದ ಮೇನ್, ರೋಡ್ ಐಲೆಂಡ್‌ನಂಥ ರಾಜ್ಯಗಳಲ್ಲಿ ಚಳಿಗಾಲಕ್ಕೆ ದೋಣಿಗಳನ್ನು ದಡಕ್ಕೆ ಎತ್ತಿಡುವ ರೂಢಿಯಿದ್ದು, ಕ್ರೇನಿನಿಂದ ಕಳಚಿ ಅಡ್ಡಮಲಗಿಸಿದ ಕಂಬಕ್ಕೆ ಹೊಸ ಬಣ್ಣ ಹಚ್ಚುವ ಕೆಲಸ ಸಾಮಾನ್ಯವಾಗಿ ವಸಂತದ ಬೆಚ್ಚನೆಯ ದಿನಗಳಲ್ಲಿ ನಡೆಯುತ್ತದೆ. ಮೊದಲು ರಾಟೆ, ಕೊಕ್ಕೆ, ತಟ್ಟೆಗಳನ್ನೆಲ್ಲ ಬಿಚ್ಚಬೇಕು. ವರ್ಷಗಟ್ಟಲೆ ಕಚ್ಚಿಕೊಂಡ ಸ್ಕ್ರೂವನ್ನು ಬಲ ಹಾಕಿ ತಿರುಗಿಸಿದರೆ ತಲೆ ಮುರಿಯುತ್ತದೆ. ಆದ್ದರಿಂದ ನುಸುಳುವ ಎಣ್ಣೆ ಬಿಟ್ಟು, ಬಿಸಿಗಾಳಿಯಿಂದ ಕಾಯಿಸಿ, ಸುತ್ತಿಗೆಯ ಏಟಿನೊಂದಿಗೆ ತಿರುಗುವ ಇಂಪ್ಯಾಕ್ಟ್ ಡ್ರೈವರಿನಿಂದ ಅದನ್ನು ಸಡಿಲಿಸುತ್ತಾರೆ, ಅದಕ್ಕೂ ಬಗ್ಗದಿದ್ದರೆ ಡ್ರಿಲ್ಲಿನಿಂದ ಕೊರೆದು ತೆಗೆಯುತ್ತಾರೆ.

ಬಿಚ್ಚಿದ ಕಂಬವನ್ನು ತೊಳೆದು, ದ್ರಾವಕದಲ್ಲಿ ಅದ್ದಿದ ಬಟ್ಟೆಯಿಂದ ಜಿಡ್ಡು ತೆಗೆದ ಮೇಲೆಯೇ ಮರಳುಕಾಗದ ಹಿಡಿಯಬೇಕು. ಈ ಕ್ರಮ ಹಿಂದುಮುಂದಾದರೆ ಜಿಡ್ಡು ಗೀರುಗಳೊಳಗೆ ಸೇರಿಕೊಂಡು ಬಣ್ಣ ಹಿಡಿಯದು. ಉಕ್ಕಿನ ಬ್ರಷ್ ಇಲ್ಲಿ ನಿಷಿದ್ಧ, ಏಕೆಂದರೆ ಅದರಿಂದ ಉದುರಿದ ಕಬ್ಬಿಣದ ಕಣಗಳು ಲೋಹದಲ್ಲಿ ನಾಟಿ ಹೊಸ ಸವಕಳಿಗೆ ಬೀಜವಾಗುತ್ತವೆ. ಅನಂತರ ಫಾಸ್ಫಾರಿಕ್ ಆಮ್ಲದಿಂದ ತೊಳೆದು, ಕ್ರೋಮೇಟ್ ದ್ರಾವಣ ಬಳಿದಾಗ ಮೈ ಹೊಂಬಣ್ಣಕ್ಕೆ ತಿರುಗುತ್ತದೆ. ಬಣ್ಣಕ್ಕೆ ಹಿಡಿತ ಕೊಡುವ ಈ ಉಪಚಾರ ಉತ್ತಮವಾದರೂ ಅದರಲ್ಲಿರುವ ಹೆಕ್ಸಾವೇಲೆಂಟ್ ಕ್ರೋಮಿಯಂ ಕ್ಯಾನ್ಸರ್‌ಕಾರಕ. ಮೈ ಶುದ್ಧವಾಯಿತೇ ಎಂಬುದನ್ನು ನೀರೇ ಹೇಳುತ್ತದೆ: ಹನಿಹನಿಯಾಗಿ ಒಡೆಯದೆ ಒಂದೇ ಹಾಳೆಯಾಗಿ ಹರಡಿದರೆ ಸರಿ, ಎಲ್ಲಾದರೂ ಒಡೆದರೆ ಅಲ್ಲಿ ಜಿಡ್ಡು ಉಳಿದಿದೆ ಎಂದರ್ಥ. ಒಣಗಿದ ಕೆಲವೇ ಗಂಟೆಗಳಲ್ಲಿ ಎಪಾಕ್ಸಿ ಪ್ರೈಮರ್, ಅಂದರೆ ಎರಡು ಘಟಕಗಳು ಬೆರೆತು ಗಟ್ಟಿಯಾಗುವ ತಳಬಣ್ಣ, ಹಚ್ಚದಿದ್ದರೆ ಆಕ್ಸೈಡ್ ಮತ್ತೆ ದಪ್ಪವಾಗುತ್ತದೆ.

ಕುಳಿಗಳನ್ನು ಎಪಾಕ್ಸಿ ಪುಟ್ಟಿಯಿಂದ ತುಂಬಿ ಉಜ್ಜಿದ ಮೇಲೆ, ಬಿಸಿಲಿಗೆ ಹೊಳಪು ಕಳೆದುಕೊಳ್ಳದ ಎರಡು ಘಟಕಗಳ ಪಾಲಿಯುರೆಥೇನ್ ಬಣ್ಣ ಬರುತ್ತದೆ. ಇದರಲ್ಲಿರುವ ಐಸೊಸಯನೇಟ್ ಎಂಬ ರಾಸಾಯನಿಕ ಶ್ವಾಸಕೋಶಕ್ಕೆ ಅಪಾಯಕಾರಿಯಾದ್ದರಿಂದ ಸಿಂಪಡಿಸುವವರು ಹೊರಗಿನ ಶುದ್ಧಗಾಳಿ ಪೂರೈಸುವ ಮುಖವಾಡ ತೊಡುತ್ತಾರೆ. ಹಾಯಿ ಜಾರುವ ತೋಡಿಗೆ ಬಣ್ಣ ತಾಗಬಾರದು, ಇಬ್ಬನಿ ಬೀಳುವ ಮುನ್ನ ಕೆಲಸ ಮುಗಿಯಬೇಕು. ಸ್ಕ್ರೂಗಳನ್ನು ಮರಳಿ ಕೂರಿಸುವಾಗ ಎರಡು ಲೋಹಗಳು ತಾಗದಂತೆ ತಡೆಯುವ ಲೇಪ ಹಚ್ಚದಿದ್ದರೆ ಗುಳ್ಳೆಗಳು ಮತ್ತೆ ಅಲ್ಲಿಂದಲೇ ಏಳುತ್ತವೆ.

ಕಾರ್ಖಾನೆಯಲ್ಲೇ ಆನೊಡೈಸ್ ಮಾಡಿದ, ಅಂದರೆ ವಿದ್ಯುತ್ತಿನಿಂದ ಆಕ್ಸೈಡ್ ಪದರವನ್ನು ದಪ್ಪಗೊಳಿಸಿದ ಕಂಬದ ಮೈ ಇನ್ನೂ ಗಟ್ಟಿಯಾಗಿದ್ದರೆ ಸಿಹಿನೀರಿನಿಂದ ತೊಳೆದು ಮೇಣ ಹಚ್ಚುವುದೇ ಲೇಸು. ಒಮ್ಮೆ ಬಣ್ಣ ಕಂಡ ಕಂಬಕ್ಕೆ ಮುಂದೆಯೂ ಬಣ್ಣ ಹಚ್ಚುತ್ತಲೇ ಇರಬೇಕಾಗುತ್ತದೆ.