ಪೃಚ್ಛನೆ: ಕೇಳುವುದೂ ಸ್ವಾಧ್ಯಾಯವೇ

ಕೊಡಗಿನ ಯಾವ ಕಾಲೇಜಿನಲ್ಲಾದರೂ ಇಂದು ಕಾಣಬಹುದಾದ ದೃಶ್ಯವಿದು. ಎಂಟು-ಹತ್ತು ಮಂದಿ ವಿದ್ಯಾರ್ಥಿಗಳು ವೃತ್ತಾಕಾರವಾಗಿ ಕುಳಿತಿದ್ದಾರೆ. ಇಂಗ್ಲಿಷಿನಲ್ಲಿ ಗುಂಪು ಚರ್ಚೆ. ವಿಷಯ, ಕಾಫಿ ತೋಟಕ್ಕೆ ನುಗ್ಗುವ ಕಾಡಾನೆ. ಒಬ್ಬನು ‘ಕಾರಿಡಾರ್’ ಎಂಬ ಪದವನ್ನು ಮೇಲಿಂದ ಮೇಲೆ ಬಳಸುತ್ತಾನೆ. ಪಕ್ಕದ ಹುಡುಗಿಗೆ ಅವನ ಅಭಿಪ್ರಾಯ ಸ್ಪಷ್ಟವಾಗಿಲ್ಲ. ಕೇಳಿದರೆ ಇಂಗ್ಲಿಷ್ ಬಾರದವಳೆಂದು ನಕ್ಕಾರು ಎಂಬ ಅಳುಕಿನಿಂದ ಆಕೆ ಅರ್ಥವಾದವಳಂತೆ ತಲೆಯಾಡಿಸುತ್ತಾಳೆ. ಎದುರಿಗಿರುವ ಮತ್ತೊಬ್ಬನು ಇತರರ ವಾಕ್ಯ ಮುಗಿಯುವ ಮುನ್ನವೇ ‘ನೋ, ಯು ಆರ್ ರಾಂಗ್’ ಎಂದು ಗುಡುಗುತ್ತಾನೆ. ಮೊದಲನೆಯದು ಭಯ, ಎರಡನೆಯದು ಮಾನಕಷಾಯ. ಚರ್ಚೆಯನ್ನು ಕೆಡಿಸುವುದರಲ್ಲಿ ಎರಡೂ ಸಮಾನ.

ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳ, ಕನ್ನಡಗಳ ನಡುವೆ ಬೆಳೆಯುವ ಇಲ್ಲಿನ ಮಕ್ಕಳಿಗೆ ಭಾಷೆಗಳ ಬಡತನವಿಲ್ಲ. ಆದರೂ ಇಂಗ್ಲಿಷಿನ ಸಭೆಯಲ್ಲಿ ಹಲವರ ನಾಲಗೆ ತಡವರಿಸುತ್ತದೆ. ಕಾರ್ಯಪ್ಪ, ತಿಮ್ಮಯ್ಯನವರಂಥ ಸೇನಾನಿಗಳನ್ನು ಕೊಟ್ಟ ಈ ನಾಡಿನ ಯುವಕರು ಇಂದು ಸೇನಾಧಿಕಾರಿಗಳಾಗಲು ಎಸ್‌ಎಸ್‌ಬಿ ಆಯ್ಕೆಗೆ ಹೋದರೆ ಅಲ್ಲಿಯೂ ಗುಂಪು ಚರ್ಚೆಯನ್ನು ಎದುರಿಸಬೇಕು. ಇದು ಉದ್ಯೋಗದ ಮಾತಷ್ಟೇ ಅಲ್ಲ. ತರಗತಿಯಲ್ಲಿ ಸುಮ್ಮನೆ ತಲೆಯಾಡಿಸಿ ರೂಢಿಯಾದವರು ನಾಳೆ ಸಾಲದ ಕರಾರುಪತ್ರಕ್ಕೂ ಅರ್ಥವಾಗದೆಯೇ ಸಹಿ ಹಾಕುತ್ತಾರೆ. ವೈದ್ಯರು ಹೇಳಿದ್ದನ್ನು ಅರೆಬರೆ ಕೇಳಿಸಿಕೊಂಡು ಮನೆಗೆ ಮರಳುತ್ತಾರೆ.

ಜಿನಾಗಮವು ಕೇಳುವವರನ್ನು ಕೀಳಾಗಿ ಕಂಡಿಲ್ಲ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಸ್ವಾಧ್ಯಾಯವನ್ನು ಐದು ಬಗೆಯಾಗಿ ವಿಭಾಗಿಸುತ್ತದೆ: ವಾಚನೆ, ಪೃಚ್ಛನೆ, ಅನುಪ್ರೇಕ್ಷೆ, ಆಮ್ನಾಯ, ಧರ್ಮೋಪದೇಶ. ಓದಿದ ಕೂಡಲೇ ಬರುವುದು ಪ್ರಶ್ನೆ. ಉಪದೇಶಕ್ಕೆ ಸ್ಥಾನ ಕೊನೆಯಲ್ಲಿ. ಸ್ವಾಧ್ಯಾಯವು ಅಂತರಂಗ ತಪಸ್ಸುಗಳಲ್ಲಿ ಒಂದಾದುದರಿಂದ ತಿಳಿಯದುದನ್ನು ಕೇಳುವುದೂ ತಪಸ್ಸೇ. ಕರ್ನಾಟಕದ ಹೆಮ್ಮೆಯ ಆಚಾರ್ಯರಾದ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಪೃಚ್ಛನೆಗೆ ಎರಡು ಉದ್ದೇಶಗಳನ್ನು ಹೇಳುತ್ತಾರೆ. ಒಂದು, ಸಂಶಯವನ್ನು ಕಳೆದುಕೊಳ್ಳುವುದು. ಇನ್ನೊಂದು, ತಿಳಿದುದನ್ನು ದೃಢಪಡಿಸಿಕೊಳ್ಳುವುದು. ತನ್ನ ಹಿರಿಮೆಯನ್ನು ಮೆರೆಯಲು, ಇತರರನ್ನು ಸಿಕ್ಕಿಸಲು, ಗೇಲಿ ಮಾಡಲು ಹಾಕುವ ಪ್ರಶ್ನೆ ಪೃಚ್ಛನೆಯಲ್ಲವೆಂದು ವ್ಯಾಖ್ಯಾನಪರಂಪರೆ ಎಚ್ಚರಿಸುತ್ತದೆ.

ಸತ್ಯವ್ರತವನ್ನು ಗಟ್ಟಿಗೊಳಿಸುವ ಐದು ಭಾವನೆಗಳು ಇನ್ನೂ ಆಳಕ್ಕೆ ಹೋಗುತ್ತವೆ. ಕ್ರೋಧ, ಲೋಭ, ಭಯ, ಹಾಸ್ಯ ಇವುಗಳ ತ್ಯಾಗ ಹಾಗೂ ವಿಚಾರಪೂರ್ವಕವಾದ ಮಾತು. ಭಯಕ್ಕೆ ಇಲ್ಲೇಕೆ ಸ್ಥಾನ? ಅಂಜಿದವನ ಬಾಯಲ್ಲಿ ಸುಳ್ಳು ಸುಲಭವಾಗಿ ಹುಟ್ಟುತ್ತದೆ. ಅರ್ಥವಾಗದಿದ್ದರೂ ತಲೆಯಾಡಿಸಿದ ಹುಡುಗಿ ಮಾತಾಡಲಿಲ್ಲ, ನಿಜ. ಆದರೆ ಆ ತಲೆಯಾಡಿಸುವಿಕೆ ಸತ್ಯವಾಗಿರಲಿಲ್ಲ.

ಇಂದ್ರಭೂತಿ ಗೌತಮನ ಕಥೆ ಇಲ್ಲಿ ಸ್ಮರಣೀಯ. ಭಗವಾನ್ ಮಹಾವೀರರಿಗೆ ಕೇವಲಜ್ಞಾನವಾದ ಮೇಲೂ 66 ದಿನ ದಿವ್ಯಧ್ವನಿ ಹೊರಡಲಿಲ್ಲವೆಂದು ದಿಗಂಬರ ಪರಂಪರೆ ಹೇಳುತ್ತದೆ. ಅದನ್ನು ಗ್ರಹಿಸಬಲ್ಲ ಗಣಧರನಿರಲಿಲ್ಲ. ಇಂದ್ರನು ವೃದ್ಧನ ವೇಷದಲ್ಲಿ ಗೌತಮನ ಬಳಿಗೆ ಹೋಗಿ ಶ್ಲೋಕವೊಂದರ ಅರ್ಥವನ್ನು ಕೇಳಿದನು. ಮಹಾಪಂಡಿತನಾದ ಗೌತಮನಿಗೆ ಅರ್ಥ ಹೊಳೆಯಲಿಲ್ಲ. ‘ತಿಳಿಯದು’ ಎನ್ನಲು ಅಭಿಮಾನ ಬಿಡಲಿಲ್ಲ. ನಿನ್ನ ಗುರುವಿನೊಡನೆಯೇ ವಾದಿಸುವೆನೆಂದು ಹೊರಟವನ ಗರ್ವ ಮಾನಸ್ತಂಭದ ದರ್ಶನದಿಂದ ಕರಗಿತು. ವಾದಿಸಲು ಬಂದವನೇ ಪ್ರಥಮ ಗಣಧರನಾದನು. ಮುಂದೆ ಶ್ರೇಣಿಕ ಮಹಾರಾಜನು ಕೇಳಿದ ಪ್ರಶ್ನೆಗಳಿಗೆ ಆ ಗೌತಮರೇ ಉತ್ತರಿಸಿದುದರಿಂದ ನಮ್ಮ ಪುರಾಣಗಳು ಬೆಳೆದವು.

ಇನ್ನು ಭಿನ್ನಾಭಿಪ್ರಾಯದ ಮಾತು. ಅನೇಕಾಂತವೆಂದರೆ ಎಲ್ಲಕ್ಕೂ ‘ಹೌದು’ ಎನ್ನುವುದಲ್ಲ. ಸಮಂತಭದ್ರಾಚಾರ್ಯರು ಆಪ್ತಮೀಮಾಂಸೆಯಲ್ಲಿ ಸಾಕ್ಷಾತ್ ಆಪ್ತನನ್ನೇ ಪರೀಕ್ಷೆಗೆ ಒಡ್ಡಿದರು. ಹೊರಗಿನ ವೈಭವವನ್ನು ನೋಡಿ ಒಪ್ಪದೆ, ಯುಕ್ತಿಗೆ ನಿಂತ ಮೇಲೆ ಒಪ್ಪಿದರು. ಪರೀಕ್ಷೆಯಿಂದ ಅವರ ಭಕ್ತಿ ಕುಂದಲಿಲ್ಲ. ‘ಸ್ಯಾತ್’ ಎಂದರೆ ‘ಇರಬಹುದೇನೋ’ ಎಂಬ ಸಂದೇಹವಲ್ಲ, ‘ಒಂದು ಅಪೇಕ್ಷೆಯಿಂದ’ ಎಂಬ ನಿಶ್ಚಯ. ತನ್ನ ದೃಷ್ಟಿಯನ್ನು ಹೇಳುವುದು ನಯ. ಇತರ ದೃಷ್ಟಿಗಳನ್ನು ಅಲ್ಲಗಳೆಯುವುದು ದುರ್ನಯ.

ಕುರುಡರು ಆನೆಯನ್ನು ಮುಟ್ಟಿ ನೋಡಿದ ದೃಷ್ಟಾಂತ ಎಲ್ಲರಿಗೂ ಗೊತ್ತು. ಕೊಡಗಿನಲ್ಲಿ ಆ ಆನೆ ತೋಟಕ್ಕೇ ಬಂದಿದೆ. ಬೆಳೆಗಾರನಿಗೆ ಅದು ಮುರಿದ ಕಾಫಿ ಗಿಡ. ನಸುಕಿನಲ್ಲಿ ಕೆಲಸಕ್ಕೆ ಹೊರಡುವ ಕಾರ್ಮಿಕಳಿಗೆ ಪ್ರಾಣಭಯ. ಅರಣ್ಯ ಸಿಬ್ಬಂದಿಗೆ ಕಂದಕ, ಸೋಲಾರ್ ಬೇಲಿ, ರೈಲ್ವೆ ಹಳಿಗಳ ತಡೆಗೋಡೆಯ ಲೆಕ್ಕ. ಆನೆಗೆ ಅದು ಹಸಿವು ಮತ್ತು ಹಳೆಯ ದಾರಿ. ಇವುಗಳಲ್ಲಿ ಒಂದನ್ನು ಬಿಟ್ಟು ಮಾಡಿದ ನಿರ್ಣಯ ಆ ಒಬ್ಬರ ಪಾಲಿಗೆ ಹಿಂಸೆಯಾಗುತ್ತದೆ. ಆದುದರಿಂದ ಚರ್ಚೆಯಲ್ಲಿ ಕೇಳಿಸಿಕೊಳ್ಳುವುದು ಬರಿಯ ಸಭ್ಯತೆಯಲ್ಲ, ಅಹಿಂಸೆಯ ಅಂಗ.

ಮುನಿಗಳ ಭಾಷಾಸಮಿತಿಯು ಮಾತು ಹಿತವಾಗಿ, ಮಿತವಾಗಿ, ಅಸಂದಿಗ್ಧವಾಗಿ ಇರಬೇಕೆನ್ನುತ್ತದೆ. ಶ್ರಾವಕರ ಮಕ್ಕಳು ಈ ಮೂರನ್ನು ಇಂಗ್ಲಿಷಿಗೂ ಒಯ್ಯಬಹುದು. ಅರ್ಥವಾಗದಿದ್ದರೆ ‘ವಾಟ್ ಡು ಯು ಮೀನ್ ಬೈ ಕಾರಿಡಾರ್?’ ಎಂಬ ಒಂದೇ ವಾಕ್ಯ ಸಾಕು; ಅದು ಅಸಂದಿಗ್ಧತೆ. ಹಲವು ವೇಳೆ ಅದೇ ಸಂಶಯ ಮತ್ತೆ ನಾಲ್ವರಿಗೂ ಇರುತ್ತದೆ. ಒಪ್ಪದಿದ್ದರೆ ಮೊದಲು ಎದುರಿನವರ ಮಾತನ್ನು ಅವರೇ ಒಪ್ಪುವಂತೆ ಮರಳಿ ಹೇಳಿ, ಬಳಿಕ ‘ಐ ಸೀ ಇಟ್ ಡಿಫರೆಂಟ್ಲಿ’ ಎಂದು ಕಾರಣ ಕೊಡುವುದು ಹಿತ. ಕಾರಣ ಹೇಳಿ ಮುಗಿದ ಮೇಲೆ ನಿಲ್ಲಿಸುವುದು ಮಿತ. ವ್ಯಾಕರಣ ತಪ್ಪಿದರೆ ತಿದ್ದಿಕೊಳ್ಳಬಹುದು. ನೊಂದ ಮನಸ್ಸನ್ನು ತಿದ್ದುವುದು ಕಷ್ಟ.

ಶನಿವಾರಸಂತೆಯ ಸಮೀಪದ ಮುಳ್ಳೂರಿನಲ್ಲಿ ಕೊಂಗಾಳ್ವರ ಕಾಲದ ಬಸದಿಗಳು ಇಂದಿಗೂ ನಿಂತಿವೆ. 1058ರ ಶಾಸನವು ರಾಜಮಾತೆ ಪೋಚಬ್ಬರಸಿಯನ್ನೂ ಆಕೆಯ ಗುರು ಗುಣಸೇನ ಪಂಡಿತರನ್ನೂ ಸ್ಮರಿಸುತ್ತದೆ. ಅರಮನೆಯ ಒಡತಿಯೂ ಗುರುವಿನ ಮುಂದೆ ಶಿಷ್ಯೆಯಾಗಿ ಕುಳಿತ ನೆಲವಿದು. ಆ ನೆಲದ ಮಕ್ಕಳು ‘ನನಗೆ ತಿಳಿಯಲಿಲ್ಲ, ದಯವಿಟ್ಟು ವಿವರಿಸಿ’ ಎನ್ನಲು ಯಾವ ಭಾಷೆಯಲ್ಲಿಯೂ ನಾಚಬೇಕಾಗಿಲ್ಲ.